ಹೆಸರಿರಲಿ, ಉಳಿದದ್ದು ನಿಮ್ಮದು

ಅಂತರ್ಜಾಲದಲ್ಲಿ ಹೆನ್ರಿಕಾಳ ತಂತ್ರಾಂಶದ ಪುಟವನ್ನು ತಾನು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತೇನೆಂದು ಯಾರಿಗಾದರೂ ತಿಳಿದುಬಿಟ್ಟರೆ ಎಂಬುದೇ ಸೈಮಿಯ ಅಳುಕು. ಮೆಚ್ಚಿದವರ ಎಣಿಕೆ ಏರಿದ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಸರೋವರದ ಮೇಲೆ ಮಂಜುಗಡ್ಡೆ ಎಷ್ಟು ದಪ್ಪವಿದೆ, ಮೀನು ಹಿಡಿಯಲು ಕಾಲಿಡಬಹುದೇ ಎಂದು ಹೇಳುವ ತಂತ್ರಾಂಶವದು. ಎರಡು ಚಳಿಗಾಲ ಕೂತು ಬರೆದವಳು ಸೈಮಿ. ಬರೆದದ್ದನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿದ್ದಳು. ಬಳಸುವವರಿಗೆ ಕೊಡುವ ಪರವಾನಗಿಗಳಲ್ಲಿ ತೀರ ಚಿಕ್ಕದನ್ನು, ಓದಲು ಸುಲಭವೆಂದು, ಆರಿಸಿಕೊಂಡಿದ್ದಳು: ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ಮಾರಿ, ಬರೆದವಳ ಹೆಸರೂ ಈ ಮಾತುಗಳೂ ಜೊತೆಗಿರಲಿ. ಬಹಳ ದಿನ ಯಾರೂ ಅದನ್ನು ಮುಟ್ಟಲಿಲ್ಲ. ಹೆನ್ರಿಕಾ ಮುಟ್ಟಿದಳು, ಚೆಂದದ ನಕ್ಷೆಯೊಂದನ್ನು ಕೂಡಿಸಿದಳು. ಈಗ ತಾಂಪೆರೆ ಊರಿನ ಮೀನು ಹಿಡಿಯುವವರ ಬಾಯಲ್ಲಿ ಅದು 'ಹೆನ್ರಿಕಾಳ ನಕ್ಷೆ'.

ತಂತ್ರಾಂಶ ಬರೆಯುವವರ ಶನಿವಾರದ ಕೂಟದಲ್ಲಿ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದ ಮುದುಕ ಉರ್ಹೊ ಸೈಮಿಯ ಎದುರು ನಿಂತ. ಕೂಟ ನಡೆಸುವವನು ಅವನೇ.

"ಏನಮ್ಮ, ಆ ಬನ್ನು ಏನು ತಪ್ಪು ಮಾಡ್ತು? ಹಂಗೆ ಕಿವುಚ್ತಿದ್ದೀಯ."

"ಏನಿಲ್ಲ. ಹೆನ್ರಿಕಾಳದು... ಅದರ ಮೂಲ ನಂದು."

"ಗೊತ್ತು. ಬಾಗಿಲು ತೆಗೆದಿಟ್ಟೋಳು ನೀನೇ ತಾನೆ? ಒಳಗೆ ಬಂದ್ರು ಅಂತ ಮುನಿಸ್ಕೊಂಡ್ರೆ ಹೇಗೆ? ನಿನ್ನ ಹೆಸರು ಅಳಿಸಿದ್ರೆ ಹೇಳು, ಅದು ಬೇರೆ ಮಾತು. ಇವತ್ತೇ ಅವಳ ಪುಟ ತೆಗೆಸ್ತೀನಿ."

ಅಳಿಸಿರಬಹುದಲ್ಲ. ಸೈಮಿಯ ಮೈಯಲ್ಲಿ ಹೊಸ ಬಿಸಿ ಹರಿಯಿತು. ಮೂಲೆಗೆ ಸರಿದು, ತನ್ನ ಲ್ಯಾಪ್‌ಟಾಪಿನಲ್ಲಿ ಹೆನ್ರಿಕಾಳ ಕಡತಗಳನ್ನು ಒಂದೊಂದಾಗಿ ತೆರೆದಳು. ಹೆಸರಿತ್ತು. ಪ್ರತಿಯೊಂದರ ನೆತ್ತಿಯಲ್ಲೂ ಇತ್ತು. ಹೆನ್ರಿಕಾ ತಾನೇ ಹೊಸದಾಗಿ ಬರೆದ ನಕ್ಷೆಯ ಕಡತದಲ್ಲಿ, ಹಾಕಲೇಬೇಕೆಂದಿಲ್ಲದ ಕಡೆಯೂ, ಮೊದಲು ಸೈಮಿಯ ಹೆಸರು, ಕೆಳಗೆ ಹೆನ್ರಿಕಾಳದು. ದೂರಲು ಒಂದು ಎಳೆಯನ್ನಾದರೂ ಉಳಿಸಬಾರದಿತ್ತೇ ಇವಳು?

"ಸಿಕ್ತಾ?" ಉರ್ಹೊ ಅಲ್ಲಿಂದಲೇ ಕೂಗಿದ.

ಆಚೆ ಮೇಜಿನಲ್ಲಿ ಕೂತಿದ್ದ ಹೆನ್ರಿಕಾ ತಿರುಗಿದಳು. "ಏನು ಸಿಗ್ಬೇಕಿತ್ತು?"

"ನೀನು ಇವಳ ಹೆಸರು ನುಂಗಿದ್ದೀಯಾ ಅಂತ ನೋಡ್ತಿದಾಳೆ."

ಎಲ್ಲರೂ ಸೈಮಿಯತ್ತ ನೋಡಿದರು. ಹೆನ್ರಿಕಾ ಎದ್ದು ಅವಳ ಬಳಿ ಬಂದಳು. "ಎಲ್ಲಾದ್ರೂ ಬಿಟ್ಟೋಗಿದ್ಯೇನೆ ಸೈಮಿ? ಹೇಳು, ಈಗ್ಲೇ ಸೇರಿಸ್ತೀನಿ."

'ಇನ್ನೂ ನೋಡಬೇಕು' ಎಂದರೆ ಸಾಕಿತ್ತು. ಸುಳ್ಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಎಲ್ಲರ ಕಣ್ಣಲ್ಲಿ ಹೆನ್ರಿಕಾಳ ಮೇಲೆ ಒಂದು ಕಲೆ ಕೂರುತ್ತಿತ್ತು. ಆ ಮಾತು ಸೈಮಿಯ ನಾಲಿಗೆಯ ತುದಿಗೆ ಬಂದೂ ಇತ್ತು. ಅವಳು ಅದನ್ನು ನುಂಗಿದಳು.

"ಎಲ್ಲೂ ಬಿಟ್ಟಿಲ್ಲ," ಎಂದಳು. "ಬಿಟ್ಟಿರ್ಲಿ ಅಂತ್ಲೇ ಹುಡುಕ್ದೆ. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು."