ಒಂದು ಬೆರಳಿನಷ್ಟು ಬಾಯಿ

ಹುಲಗಪ್ಪನ ಬಾಯಿ ಅರ್ಧ ರಾಯಚೂರಿಗೆ ಗೊತ್ತು, ಮುಖ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ತೀನ್ ಕಂದೀಲ್ ವೃತ್ತದ ಹತ್ತಿರ ಗೆಳೆಯ ಖಾಜಾನ ಫ್ಲೆಕ್ಸ್ ಅಂಗಡಿ ಇದೆ. ಅದರ ಹಿಂದಿನ ಕೋಣೆಯಲ್ಲಿ ಮೈಕ್ ಮುಂದೆ ಕೂತು ಅವನು ಧ್ವನಿ ಕೊಟ್ಟ ಜಾಹೀರಾತುಗಳನ್ನು ಆಟೋಗಳು ಗಲ್ಲಿಗಲ್ಲಿಗೆ ಹೊತ್ತುಕೊಂಡು ಹೋಗುತ್ತವೆ. ಸೀರೆ ಅಂಗಡಿಯ ರಿಯಾಯಿತಿಯನ್ನೂ ವಿಲನ್‌ಗೆ ಸವಾಲು ಹಾಕಿದಂತೆ ಹೇಳುವವನು ಅವನು: "ಬಂದರೆ ಸೀರೆ ನಿಮ್ಮದು, ಬರದಿದ್ದರೆ ಪಶ್ಚಾತ್ತಾಪ ನಿಮ್ಮದು." ಊರಿಗೆ ಹೋದರೂ ಅದೇ ಕಥೆ. ಗಬ್ಬೂರಿನಲ್ಲಿ ಅವ್ವ ಯಮನಮ್ಮ ಉಪ್ಪಿನ ಡಬ್ಬಿ ಕೊಡು ಅಂದರೆ, ಎದೆಯ ಮೇಲೆ ಕೈ ಇಟ್ಟು, "ಉಪ್ಪಿನ ಋಣ ಈ ಜನ್ಮಕ್ಕ ತೀರಂಗಿಲ್ಲ ಯವ್ವಾ" ಎಂದು ಸ್ಲೋ ಮೋಷನ್ನಿನಲ್ಲಿ ಕೊಡುತ್ತಾನೆ.

ಅಂಥ ಬಾಯಿಯ ಹಿಂಬದಿಯಲ್ಲಿ, ಕೆಳದವಡೆಯ ಎಡಮೂಲೆಗೆ, ಒಂದು ಹಲ್ಲು ಅಡ್ಡ ಮಲಗಿತ್ತು.

"ಬುದ್ಧಿ ಹಲ್ಲು," ಎಂದರು ಡಾಕ್ಟರ್ ಮೆಹನಾಜ್, ಎಕ್ಸ್‌ರೇ ತೋರಿಸುತ್ತ. "ನಿಂತು ಬರಬೇಕಾಗಿದ್ದು ಮಲಕೊಂಡು ಬಂದದ. ಮುಂದಿನ ಹಲ್ಲಿಗೆ ತಲಿ ಗುದ್ದಾಕತ್ತದ. ವಸಡು ಕೊಯ್ದು, ತುಂಡು ಮಾಡಿ ತಗೀಬೇಕು."

"ಇಂಟರ್ವಲ್ಲಿಗೇ ಮಲಗಿದ್ರ ಅವ ಎಂಥ ಹೀರೋರೀ ಮೇಡಂ. ತಗದು ಒಗೀರಿ."

"ಗುಳಿಗಿಗೆ ನೋವು ಇಳದದ, ಅವಸರ ಇಲ್ಲ. ತಗದ ಮ್ಯಾಲ ಕೆನ್ನಿ ಬಾಯ್ತದ, ಬಾಯಿ ಬಿಗೀತದ. ಒಂದು ವಾರ ಏನೂ ಕಾರ್ಯಕ್ರಮ ಇರಬಾರದು ನೋಡ್ರಿ."

ಅಂದು ಗುರುವಾರ. ಭಾನುವಾರ ಅವನು ಹೆಣ್ಣು ನೋಡಲು ಮಾನ್ವಿಗೆ ಹೋಗಬೇಕಿತ್ತು. ಆದರೆ ಮೂರು ಗುಂಡು ಬಿದ್ದರೂ ಕ್ಲೈಮ್ಯಾಕ್ಸಿನಲ್ಲಿ ಎದ್ದು ಓಡುವವರನ್ನು ನೋಡುತ್ತ ಬೆಳೆದವನಿಗೆ ಒಂದು ಹಲ್ಲು ಏನು ಮಹಾ? ಹುಡುಗಿಯ ಮುಂದೆ ಕೂತಾಗ ನೋವಿಲ್ಲದೆ ನಗಬೇಕೆಂಬ ಆಸೆ ಬೇರೆ. "ಏನೂ ಇಲ್ರೀ, ಖಾಲಿ ಅದೀನಿ," ಎಂದುಬಿಟ್ಟ.

ಮುಕ್ಕಾಲು ಗಂಟೆ ಹಿಡಿಯಿತು. ಸೂಜಿ ಚುಚ್ಚಿದ ಮೇಲೆ ಅರ್ಧ ತುಟಿ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಹೊಲದಲ್ಲಿ ಬೋರ್ ಕೊರೆಯುವ ಸದ್ದು ತಲೆಯೊಳಗೇ ಕೇಳಿತು, ನೋವು ಮಾತ್ರ ಇರಲಿಲ್ಲ. ಎರಡು ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ ಡಾಕ್ಟರು ಹೇಳಿದರು: "ಉಗುಳಬಾರದು. ಉಗುಳಿದ್ರ ಗಾಯದ ಮ್ಯಾಲಿನ ರಕ್ತದ ಹೆಪ್ಪು ಕಿತ್ತು ಬರ್ತದ. ಏನು ಬಂದ್ರೂ ನುಂಗ್ರಿ. ಮುಂದಿನ ಗುರುವಾರ ಹೊಲಿಗಿ ಬಿಚ್ಚಾಕ ಬರ್ರಿ."

ಹುಡುಗಿ ಅಂಬಿಕಾ. ಮಾನ್ವಿಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಾಳೆ. ಎರಡು ವರ್ಷದ ಹಿಂದೆ ಅದರ ಬ್ಯಾನರ್ ಮಾಡಿಸಲು ಖಾಜಾನ ಅಂಗಡಿಗೆ ಬಂದಿದ್ದಳು. ಹುಲಗಪ್ಪ ಕೇಳದಿದ್ದರೂ ಒಂದು ಜಾಹೀರಾತಿಗೆ ಧ್ವನಿ ಕೊಟ್ಟ: "ಹರಿದ ಬಟ್ಟೆ ಹೊಲಿಯಬಹುದು, ಹರಿದ ಬದುಕೂ ಹೊಲಿಯಬಹುದು, ಬನ್ನಿ ಮಾನ್ವಿಗೆ." ಹದಿನಾರು ಹುಡುಗಿಯರು ಸೇರಿದರು. ಅಲ್ಲಿಂದ ಫೋನು, ಫೋನಿನಿಂದ ಪ್ರೀತಿ. ನಡುವೆ ಒಂದು ಸಲ ಅವನು ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಫೋಟೋ ತೆಗೆದು, ದವಾಖಾನೆಯಲ್ಲಿದ್ದೇನೆ ಎಂದು ಅವಳಿಗೆ ಕಳಿಸಿದ್ದ. ಅವಳು ಅಳುತ್ತಲೇ ಬಸ್ ಹತ್ತಿ ರಾಯಚೂರಿಗೆ ಬಂದಳು. ಇವನು ಅಂಗಡಿಯ ಬಾಗಿಲಲ್ಲಿ ಮಿರ್ಚಿ ತಿನ್ನುತ್ತ ನಿಂತಿದ್ದ. ಆಮೇಲೆ ಒಂದು ತಿಂಗಳು ಅವಳು ಮಾತು ಬಿಟ್ಟಿದ್ದಳು.

ಅದಕ್ಕೇ ಈ ಹಲ್ಲಿನ ಸುದ್ದಿಯನ್ನು ಅವನು ಅವಳಿಗೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಗಬ್ಬೂರಿನ ಬಸ್ಸಿನಿಂದ ಇಳಿದ ಯಮನಮ್ಮ ಮಗನನ್ನು ನೋಡಿ ಚೀಲ ಕೆಳಗಿಟ್ಟಳು.

"ಏನೋ ಇದು. ಈ ಕಡಿ ಹುಲಗಪ್ಪ, ಆ ಕಡಿ ಕುಂಬಳಕಾಯಿ. ಇನ್ನೊಂದು ದಿನ ಹೋಗೂಣು ನಡಿ."

ಹುಲಗಪ್ಪ ಹಲ್ಲು ಬಿಗಿದುಕೊಂಡೇ, "ಅವರಜ್ಜಿ..." ಎಂದ. ಉಳಿದದ್ದನ್ನು ಜೊತೆಗೆ ಹೊರಟಿದ್ದ ಖಾಜಾ ಹೇಳಿದ. "ಆ ಮನ್ಯಾಗ ಅಜ್ಜಿದೇ ದರ್ಬಾರು ಯವ್ವಾ. ಹೇಳಿದ ದಿನ ಬರಲಿಲ್ಲಂದ್ರ ಎರಡನೇ ಸಲ ಕರಿಯಂಗಿಲ್ಲಂತ. ಅಜ್ಜಿ ಹೂಂ ಅಂದ್ರನ ಮದಿವಿ. ನಡೀರಿ, ಮಾತು ನನಗ ಬಿಡ್ರಿ. ಇವತ್ತು ಇವ ಬರೇ ಫೋಟೋ, ಸೌಂಡ್ ನಂದು."

ಮಾನ್ವಿಯಲ್ಲಿ ಅಂಬಿಕಾಳ ಅಪ್ಪ ಬೂದೆಪ್ಪ ಚಾಪೆ ಹಾಸಿ ಕೂರಿಸಿದ. ಅಜ್ಜಿ ಬಸವಂತಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ಹುಡುಗನ ಊದಿದ ಕೆನ್ನೆಯ ಮೇಲೆ ಇಟ್ಟ ಕಣ್ಣು ತೆಗೆಯಲಿಲ್ಲ. ಅಂಬಿಕಾ ನೀರು ತಂದಳು. ಹುಲಗಪ್ಪ ಕುಡಿದ, ಅರ್ಧ ನೀರು ತುಟಿಯ ಮೂಲೆಯಿಂದ ಅಂಗಿಯ ಮೇಲೆ ಇಳಿಯಿತು.

"ಹೆಸರೇನಪಾ?" ಎಂದಳು ಅಜ್ಜಿ.

"ಹುಹಗಪ್ಪ."

"ಏನು ಕೆಲಸ?"

"ಮಾತಾಡೋದ್ರೀ," ಎಂದ ಖಾಜಾ. "ಇವನ ಕೆಲಸನ ಮಾತಾಡೋದು. ನಿದ್ದ್ಯಾಗೂ ಬಿಡಂಗಿಲ್ಲ."

ಅಜ್ಜಿ ಸೊಸೆಗೆ ಸನ್ನೆ ಮಾಡಿದಳು. ಸೊಸೆ ತಟ್ಟೆ ತಂದಿಟ್ಟಳು. ಅದರಲ್ಲಿ ನಿಂಬೆಹಣ್ಣಿನ ಗಾತ್ರದ ರವಾ ಉಂಡಿಗಳು.

"ತಗೋ. ಕಡೀಬ್ಯಾಡ. ಇಡೀದು ಬಾಯಾಗ ಹಾಕ್ಕೋ."

ಹುಲಗಪ್ಪ ಉಂಡಿ ಹಿಡಿದು ಬಾಯಿ ತೆರೆದ. ತೆರೆದಿದ್ದು ಒಂದು ಬೆರಳಿನಷ್ಟು. ಇನ್ನೂ ಒತ್ತಾಯ ಮಾಡಿದರೆ ದವಡೆಯ ಕೀಲು ಕಣ್ಣಲ್ಲಿ ನೀರು ತರಿಸಿತು. ಉಂಡಿ ಹಲ್ಲಿಗೆ ತಾಗಿ, ರವೆ ಉದುರಿಸಿ, ಅಲ್ಲೇ ನಿಂತಿತು.

"ಸಾಕು ಬಿಡು. ತಿಳೀತು," ಎಂದಳು ಅಜ್ಜಿ. "ನಮ್ಮ ಹಿರೇ ಮೊಮ್ಮಗಳನ್ನ ದೇವದುರ್ಗಕ್ಕ ಕೊಟ್ಟೀವಿ. ನೋಡಾಕ ಬಂದಾಗ ಆ ಹುಡುಗನೂ ಹಿಂಗ ಬಾಯಿ ಮುಚಕೊಂಡು ಕುಂತಿದ್ದ. ಭಾಳ ಸಂಭಾವಿತ ಅದಾನ ಅಂದ್ವಿ. ಮದಿವಿ ಆದಮ್ಯಾಲ ಗೊತ್ತಾತು, ಬಾಯಾಗ ಗುಟ್ಕಾ ಇತ್ತು. ಈಗ ಬಿಟ್ಟಾನ, ಆದ್ರ ಬಾಯಿ ಬಿಗದು ಕುಂತದ. ರೊಟ್ಟಿ ತುತ್ತು ಒಳಗ ಹೋಗಂಗಿಲ್ಲ, ದಿನಾ ಅಂಬಲಿ. ಅವತ್ತಿಂದ ಈ ಮನಿಗೆ ಬರೋ ಗಂಡಿಗೆ ಉಂಡಿ ಕೊಡ್ತೀನಿ."

"ನನ್ನ ಮಗ ಗುಟ್ಕಾ ಮುಟ್ಟಿಲ್ರೀ," ಎಂದಳು ಯಮನಮ್ಮ.

"ಅವನ ತಾಯಿನೂ ಹಿಂಗ ಅಂದಿದ್ಲು ನಮ್ಮವ್ವಾ."

ಖಾಜಾ ಮುಂದೆ ಸರಿದ. ಗಾಬರಿಯಾದರೆ ಅವನ ನಾಲಿಗೆಗೆ ಮನೆಯ ಉರ್ದು ಬರುತ್ತಿತ್ತು. "ಅಜ್ಜೀ, ಹಂಗಲ್ರೀ. ಇವಂದು ಅಕಲ್ ದಾಢ್ ತಗದಾರ."

"ಏನು ತಗದಾರ?"

"ಅಕಲ್... ಅಕಲ್ ಅಂದ್ರ ಬುದ್ಧಿರೀ. ಗುರುವಾರ ಡಾಕ್ಟರು ಕೊಯ್ದು, ತುಂಡು ತುಂಡು ಮಾಡಿ..."

"ಗುರುವಾರ ಬುದ್ಧಿ ತಗಸಿಕೊಂಡು ಭಾನುವಾರ ಹೆಣ್ಣು ನೋಡಾಕ ಬಂದಾನ?" ಎಂದಳು ಅಜ್ಜಿ. "ಅದು ಮಾತ್ರ ಖರೇ ಕಾಣ್ತದ."

ಬೂದೆಪ್ಪ ನಗು ತಡೆಯಲು ಮೀಸೆ ಒರೆಸಿಕೊಂಡ. ಅಂಬಿಕಾ ಮಾತ್ರ ನಗಲಿಲ್ಲ. ಬಾಗಿಲಿಗೆ ಒರಗಿದ್ದವಳು ಮೆಲ್ಲಗೆ ಕೇಳಿದಳು: "ಮತ್ತ ದವಾಖಾನಿ ನಾಟಕ ಏನು?"

ಸಾವಿಗೂ ಸೋಲಿಗೂ ಡೈಲಾಗ್ ಇಟ್ಟುಕೊಂಡಿದ್ದ ಹುಲಗಪ್ಪ ಈಗ ಬರೀ ತಲೆ ಅಡ್ಡಡ್ಡ ಆಡಿಸಿದ. ಅವಳು ಒಳಗೆ ಹೋದಳು. ಉಂಡಿ ಹೋಗದಿದ್ದಾಗ ಆಗದ ಸಂಕಟ ಈಗ ಆಯಿತು.

"ಕುಂದ್ರು," ಎಂದಳು ಅಜ್ಜಿ. "ನಾನು ಅನ್ಯಾಯ ಮಾಡಾಕಿ ಅಲ್ಲ. ಗುಟ್ಕಾ ತಿನ್ನಾವ ಒಂದು ತಾಸು ತಡಿಯಂಗಿಲ್ಲ. ಕೈ ಕಿಸೆಕ್ಕ ಹೋಗ್ತದ, ಕಾಲು ಮೂಲಿ ಹುಡುಕ್ತಾವ. ಈಗ ಹನ್ನೆರಡು. ಐದರ ಬಸ್ಸಿನ ತನಕ ನನ್ನ ಕಣ್ಣ ಮುಂದ ಕುಂದ್ರು. ಉಗುಳಾಕ ಎದ್ದಿ ಅಂದ್ರ ಹಂಗ ಬಸ್ಸಿಗೆ ಹೋಗು."

ಉಗುಳಬಾರದು ಎಂದು ಡಾಕ್ಟರೂ ಹೇಳಿದ್ದರು. ಹುಲಗಪ್ಪ ಚಕ್ಕಳಮಕ್ಕಳ ಹಾಕಿ ಕೂತ.

ಮೊದಲ ಗಂಟೆ ಕಷ್ಟದ್ದು. ತಲೆಯೊಳಗೆ ಡೈಲಾಗುಗಳು ಸಾಲುಗಟ್ಟಿ ನಿಂತು, ಬಾಗಿಲು ತೆಗೆ ಎಂದು ತಳ್ಳಾಡುತ್ತಿದ್ದವು. ಎರಡನೆಯ ಗಂಟೆಯಲ್ಲಿ ಅವು ಬೇಸತ್ತು ಮನೆಗೆ ಹೋದವು. ಆಗ ಅವನಿಗೆ ಬೇರೆಯವರು ಕೇಳತೊಡಗಿದರು. ಅವ್ವನೂ ಅಜ್ಜಿಯೂ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ತಾನು ಚಿಕ್ಕವನಿದ್ದಾಗ ಮೂರು ವರ್ಷದವರೆಗೂ ಮಾತೇ ಬಂದಿರಲಿಲ್ಲ, ಅವ್ವ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತಿದ್ದಳು ಎಂಬುದು ಅವನಿಗೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ಗೊತ್ತಾಯಿತು. "ಆಮ್ಯಾಲ ಮಾತು ಬಂತು ನೋಡ್ರಿ, ಹರಕಿ ವಾಪಸ್ ತಗೋಳಾಕ ಬರ್ತದೇನು ಅಂತ ಕೇಳೂ ಹಂಗಾತು," ಎಂದಳು ಯಮನಮ್ಮ. ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಖಾಜಾ, ಬಾಯಿ ತೆರೆಯುವುದು ಹೇಗೆಂದು ತೋರಿಸುವ ನೆಪದಲ್ಲಿ ನಾಲ್ಕು ಉಂಡಿ ಇಡಿಯಾಗಿ ತಿಂದು, ಕಂಬಕ್ಕೊರಗಿ ನಿದ್ದೆ ಹೋದ. ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಅದು ಆಗಾಗ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಹುಲಗಪ್ಪ ಬಾಗಿಲ ಕಡೆ ನೋಡುತ್ತಿದ್ದ.

ನಾಲ್ಕಕ್ಕೆ ಅದು ಪೂರಾ ನಿಂತಿತು. ಅಂಬಿಕಾ ಬಂದು ಎದುರು ಕೂತಳು. ಒಂದು ಕೈಯಲ್ಲಿ ಟಾರ್ಚ್ ಹಚ್ಚಿದ ಫೋನು, ಇನ್ನೊಂದರಲ್ಲಿ ಚಮಚ.

"ತೆರಿ."

ಅವನು ಒಂದು ಬೆರಳಿನಷ್ಟು ತೆರೆದ. ಅವಳು ಚಮಚದ ಹಿಡಿಯಿಂದ ಕೆನ್ನೆ ಸರಿಸಿ, ಬೆಳಕು ಬಿಟ್ಟು, ಸೂಜಿಗೆ ದಾರ ಪೋಣಿಸುವವಳಂತೆ ಒಂದು ಕಣ್ಣು ಮುಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಕರಿ ದಾರ ಅದ," ಎಂದಳು. ಧ್ವನಿ ಬದಲಾಗಿತ್ತು. "ಎರಡು ಹೊಲಿಗಿ. ನೋಯ್ತದ?"

ಅವನು ಹೌದೆಂದು ತಲೆಯಾಡಿಸಿದ. ಅಷ್ಟೇ.

"ನನಗ ಹೇಳಬೇಕಿತ್ತಲ್ಲ."

"ನಂಬ್ತಿದ್ದಿಲ್ಲ," ಎಂದ, ಹಲ್ಲುಗಳ ಸಂದಿಯಿಂದ.

ಅವಳು ಚಮಚ ಕೆಳಗಿಟ್ಟಳು. "ಹೌದು. ನಂಬ್ತಿದ್ದಿಲ್ಲ." ಟಾರ್ಚ್ ಆರಿಸಿದಳು. "ಇನ್ನ ಮ್ಯಾಲ ಏನ್ ಬೇಕಾದ್ರೂ ತಮಾಷಿ ಮಾಡು. ದವಾಖಾನಿ ಸುದ್ದಿ ಮಾತ್ರ ತಮಾಷಿಗೆ ತರಬ್ಯಾಡ. ಒಂದಿನ ಖರೇನ ಫೋನ್ ಬಂದ್ರ ನಾನು ಓಡಿ ಬರಬೇಕಲ್ಲ?"

"ಹೂಂ," ಎಂದ ಹುಲಗಪ್ಪ. ಜೀವಮಾನದಲ್ಲಿ ಇಷ್ಟು ಸಣ್ಣ ಮಾತನ್ನು ಇಷ್ಟು ಪೂರ್ತಿಯಾಗಿ ಅವನು ಆಡಿರಲಿಲ್ಲ.

"ಅಜ್ಜೀ, ಹೊಲಿಗಿ ಖರೇ ಅದಾವ," ಎಂದಳು ಅಂಬಿಕಾ, ತಿರುಗಿ.

"ನನಗ ಮೂರಕ್ಕ ತಿಳದದ," ಎಂದಳು ಅಜ್ಜಿ, ಬೀಜ ಬಿಡಿಸುವ ಕೈ ನಿಲ್ಲಿಸದೆ. "ಅವನ ಕೈ ಒಂದು ಸಲನೂ ಕಿಸೆಕ್ಕ ಹೋಗಲಿಲ್ಲ."

ಆಗಷ್ಟೇ ಎಚ್ಚರಾಗಿದ್ದ ಖಾಜಾ ಕಣ್ಣುಜ್ಜಿದ. "ಮತ್ತ ಇನ್ನೂ ಯಾಕ ಕುಂದ್ರಿಸಿರಿ ಅಜ್ಜೀ, ಪಾಪ?"

"ನಿದ್ದ್ಯಾಗೂ ಮಾತಾಡ್ತಾನ ಅಂದಿ ಅಲ್ಲ ನೀನು? ಮಂದಿ ಮಾತು ಕೇಳಾಕ ಬರ್ತದೋ ಇಲ್ಲೋ ನೋಡಬೇಕಾಗಿತ್ತು."

ಐದಕ್ಕೆ ಹತ್ತು ನಿಮಿಷ ಇರುವಾಗ ಎಲ್ಲರೂ ಎದ್ದರು. ಹೂಂ ಎಂದಾಗಲಿ ಉಹೂಂ ಎಂದಾಗಲಿ ಅಜ್ಜಿ ಹೇಳಿರಲಿಲ್ಲ. ಯಮನಮ್ಮ ಚಪ್ಪಲಿ ಮೆಟ್ಟುತ್ತ ಮಗನ ಮುಖ ನೋಡಿದಳು, ಮಗ ಅಂಬಿಕಾಳ ಮುಖ ನೋಡಿದ, ಅಂಬಿಕಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹುಲಗಪ್ಪನ ರಟ್ಟೆ ಹಿಡಿದು ಅಂಗಳದ ಒಂದು ಬದಿಗೆ ಕರೆದೊಯ್ದಳು.

"ಆ ಡಾಕ್ಟರವ್ವನ ಕೈ ಹಗರ ಅದ ಏನು?"

ಅವನು ಹೌದೆಂದ.

ಅಜ್ಜಿ ಸುತ್ತ ನೋಡಿ, ಬಾಯಿ ತೆರೆದು, ಬಲಗಡೆಯ ಒಂದು ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದಳು. "ಎರಡು ವರ್ಷ ಆತು, ಜೀವ ತಿನ್ನಾಕತ್ತದ. ಮಗಗ ಹೇಳಿಲ್ಲ. ಗುರುವಾರ ಮುಂಜಾನಿ ಬಸ್ಸಿಗೆ ಅಂಬಿ ಜೋಡಿ ಬರ್ತೀನಿ. ಸ್ಟ್ಯಾಂಡಿನಾಗ ನಿಂತಿರು. ನಿಮ್ಮವ್ವನ್ನೂ ಕರಸು, ಹಲ್ಲಿನ ಕೆಲಸ ಮುಗಿಸಿ ಮದಿವಿ ಸೀರಿ ನೋಡೂಣು. ಏನ ಮಾತಿದ್ರೂ ಅವತ್ತ ಆಡು, ಅಲ್ಲಿ ತನಕ ಬಾಯಿಗೆ ವಿಶ್ರಾಂತಿ ಕೊಡು."

ಹುಲಗಪ್ಪ ಬಗ್ಗಿ ಅವಳ ಕಾಲು ಮುಟ್ಟಿದ. ಎದ್ದಾಗ ಅಜ್ಜಿ ಇನ್ನೂ ಅವನ ರಟ್ಟೆ ಬಿಟ್ಟಿರಲಿಲ್ಲ.

"ಇನ್ನೊಂದು," ಎಂದಳು ಇನ್ನೂ ಸಣ್ಣ ಧ್ವನಿಯಲ್ಲಿ. "ಸೂಜಿ ಅಂದ್ರ ನನಗ ಅಂಜಿಕಿ. ಚುಚ್ಚೂ ಮುಂದ ಕೈ ಹಿಡಕೊಂಡು ಕುಂದ್ರಬೇಕು ನೀ. ಅಂಬಿಗೆ ಹೇಳಿದಿ ಅಂದ್ರ ನೋಡು ಮತ್ತ."