ಸೀಸೆಯಲ್ಲೇ ಮುಪ್ಪಾದ ಮದ್ದು

ನಾನು ಕಬ್ಬಿಣದ ಹೈಡ್ರಾಕ್ಸೈಡ್. ಹೆಸರು ಕೇಳಿ ಹೆದರಬೇಡಿ, ನೋಡೋಕೆ ಕಂದು ಬಣ್ಣದ ಲೋಳೆ, ಅಷ್ಟೇ. ಗದಗಿನ ಕಡೆಯ ಒಂದು ಹಳೇ ದವಾಖಾನೆಯಲ್ಲಿ ಕಂಪೌಂಡರ್ ಕೊಟ್ರಪ್ಪ ನನ್ನನ್ನು ಹುಟ್ಟಿಸಿದ. ಕಬ್ಬಿಣದ ಕ್ಲೋರೈಡನ್ನು ನೀರಿನಲ್ಲಿ ಕರಗಿಸಿ, ಮೂಗು ಮುಚ್ಚಿಕೊಂಡು ಅಮೋನಿಯಾ ಸುರಿದ. ಹಳದಿ ನೀರು ನೋಡನೋಡುತ್ತಲೇ ಕದಡಿತು. ನಾನು ಹೆಪ್ಪುಗಟ್ಟಿ ತಳಕ್ಕೆ ಕೂತೆ. ಬಟ್ಟೆಯಲ್ಲಿ ಸೋಸಿ, ವಾಸನೆ ಹೋಗುವವರೆಗೆ ತೊಳೆದು, ಸೀಸೆಗೆ ತುಂಬಿದ.

“ಯಾರರೆ ಪಾಷಾಣ ತಿಂದು ಬಂದ್ರ ಇನ್ನ ಪರದಾಡೂದು ಬ್ಯಾಡ,” ಎಂದು ಬೀಗಿದ. ಹೊಟ್ಟೆಗೆ ಹೋದ ಪಾಷಾಣವನ್ನು, ಅಂದರೆ ಆರ್ಸೆನಿಕ್ ವಿಷವನ್ನು, ಮೈಗೆ ಅಂಟಿಸಿಕೊಂಡು ಬಿಡದೆ ಹಿಡಿಯುವುದೇ ನನ್ನ ಕಸುಬು. ಆಗಿನ ಕಾಲಕ್ಕೆ ಅದೇ ಮದ್ದು.

ಕಾದೆ. ಅಯ್ಯೋ, ಎಷ್ಟು ಕಾದೆ! ಬಾಗಿಲು ಕಿರ್ ಎಂದರೆ ಸಾಕು, ನನಗೇ ಕರೆ ಬಂತೆಂದು ಚಡಪಡಿಸುತ್ತಿದ್ದೆ. ಬಂದವರಿಗೆಲ್ಲ ಕೆಮ್ಮು, ಕಜ್ಜಿ, ಗಾಯ. ಪಕ್ಕದ ಅಯೋಡಿನ್ ಸೀಸೆಗೆ ಕೈತುಂಬ ಕೆಲಸ, ನನಗೆ ಹೊಟ್ಟೆಕಿಚ್ಚು. ಅಷ್ಟರಲ್ಲಿ ನನ್ನ ಮೈ ಕುಗ್ಗತೊಡಗಿತು, ಲೋಳೆ ಹೋಗಿ ಕಾಳುಕಾಳಾಯಿತು. ನನ್ನಂಥವರ ಶಕ್ತಿಯೆಲ್ಲ ಎಳೆತನದಲ್ಲಿ. ಅದು ಕೊಟ್ರಪ್ಪನಿಗೆ ಗೊತ್ತಿರಲಿಲ್ಲ. ಹೇಳೋಣವೆಂದರೆ ನನಗೆಲ್ಲಿ ಬಾಯಿ?

ಒಂದು ಮಧ್ಯಾಹ್ನ ಅವನ ಮಗಳು ನೀಲವ್ವ ಬುತ್ತಿ ತಂದಳು. ಇಲಿಗಳಿಗೆಂದು ಅವನೇ ಮೂಲೆಯಲ್ಲಿಟ್ಟಿದ್ದ ಬೆಲ್ಲದ ಹಿಟ್ಟಿನುಂಡೆ ಕಂಡು, ತಿಂಡಿಯೆಂದು ಬಾಯಿಗೆ ಹಾಕಿಕೊಂಡಳು. ಪಾಷಾಣ ಬೆರೆಸಿದ ಉಂಡೆ! ಕೊಟ್ರಪ್ಪ ಚೀರುತ್ತಾ ಓಡಿಬಂದು ನನ್ನ ಸೀಸೆ ಎಳೆದ. ನನಗೋ, ಕೊನೆಗೂ ಕರೆ ಬಂತೆಂಬ ಹಿಗ್ಗು, ಜೊತೆಗೇ ಭಯ. ಈ ಮುದಿ ಮೈ ಪಾಷಾಣ ಹಿಡಿದೀತೇ?

ಗದ್ದಲ ಕೇಳಿ ಬಂದ ದವಾಖಾನೆಯ ಡಾಕ್ಟರ್ ಸೋನಾಬಾಯಿ ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದರು.

“ಯಾವಾಗ ಮಾಡೀದಿ ಇದನ್ನ?”

“ಹೋದ ವರ್ಷರೀ ಬಾಯಾರ... ತಯಾರ ಇರ್ಲಿ ಅಂತ...”

“ಕೆಡಿಸಿದೆಲ್ಲೋ ಕೊಟ್ರಪ್ಪ! ಇದು ಆಗಿಂದಾಗ ಮಾಡಿ ಕುಡಿಸೂ ಮದ್ದು. ಈಗಿದು ಬರೇ ಕೆಸರು. ಕಬ್ಬಿಣದ ನೀರು ತಾ, ಮೆಗ್ನೀಶಿಯಾ ತಾ, ಓಡು!”

ನನ್ನನ್ನು ಕಿಟಕಿಯಲ್ಲಿ ಕುಕ್ಕಿದರು. ಆ ಎರಡನ್ನೂ ಬೆರೆಸಿದೊಡನೆ ಕಣ್ಣೆದುರೇ ನನ್ನ ತಮ್ಮ ಹುಟ್ಟಿದ. ಎಳೆ ಲೋಳೆ, ಚಮಚ ಚಮಚವಾಗಿ ನೀಲವ್ವನ ಗಂಟಲಿಗಿಳಿದ. ಅವಳು ವಾಂತಿ ಮಾಡಿದಳು, ಮತ್ತೆ ಕುಡಿಸಿದರು. ಹೊಟ್ಟೆ ಉರಿಯಿತು ನನಗೆ, ಸುಳ್ಳೇಕೆ ಹೇಳಲಿ? ಆದರೆ ಅವಳ ಬಿಳಿಚಿದ ತುಟಿ ಕಂಡು, “ಹಿಡಿಯೋ ತಮ್ಮಾ, ಬಿಡಬೇಡ” ಎಂದು ಒಳಗೊಳಗೇ ಬೇಡಿಕೊಂಡೆ. ಸಂಜೆಯ ಹೊತ್ತಿಗೆ ಅವಳು, “ಅಪ್ಪಾ, ಹಸಿವಿ ಆಗೇದ,” ಎಂದಳು. ಕೊಟ್ರಪ್ಪ ಗೋಡೆಗೆ ಮುಖ ಮಾಡಿ ಬಿಕ್ಕಿಬಿಕ್ಕಿ ಅತ್ತ.

ನನ್ನನ್ನು ಚೆಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಮನೆಗೊಯ್ದು ಒಣಗಿಸಿದ. ಅವನ ಹೆಂಡತಿ ಹಂಚಿನ ಮೇಲೆ ಹುರಿದಳು. ಇದ್ದಬದ್ದ ನೀರೂ ಹೋಗಿ ಕೆಮ್ಮಣ್ಣಿನಂತೆ ಕೆಂಪಗಾದೆ. ಈಗ ಅವರ ಹೊಸ್ತಿಲಿಗೆ ಬಳಿದ ಕೆಂಪು ಪಟ್ಟೆ ನಾನು.

ಚಡಪಡಿಕೆ ಮಾತ್ರ ಹೋಗಿಲ್ಲ. ನೀಲವ್ವ ಶಾಲೆಗೆ ಹೋದಳೆಂದರೆ ಮತ್ತೆ ಕಾಯುತ್ತೇನೆ. ಸಂಜೆ ಓಡಿ ಬರುತ್ತಾಳೆ, ಹೊಸ್ತಿಲು ತುಳಿಯಬಾರದೆಂದು ಜಿಗಿಯುತ್ತಾಳೆ. ನನ್ನ ನೆತ್ತಿಯ ಮೇಲೆ ಹಾರುವ ಅವಳ ಎರಡೂ ಅಂಗಾಲು ಒಂದು ಗಳಿಗೆ ಕಾಣುತ್ತವೆ. ಆಗಷ್ಟೇ ನನಗೆ ಸಮಾಧಾನ.