ಕೊಂಡೀಬಾನ ಹೊಲ

"ಇನ್ನಷ್ಟು ಎತ್ತು ಮನ್ಮಥಾ. ಸೊಂಟದ ಕೆಳಗ ಕೈ ಹಾಕು" ಎಂದರು ಕ್ರಿಯೆ ಮಾಡಿಸಲು ಬಂದ ಅಯ್ಯನವರು.

ಮನ್ಮಥಪ್ಪ ತಂದೆಯ ದೇಹವನ್ನು ತಬ್ಬಿ ಮೇಲಕ್ಕೆ ಜಗ್ಗಿದ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕೂತಂತೆಯೇ ಮಣ್ಣಿಗಿಡುತ್ತಾರೆ. ಆದರೆ ವಿಶ್ವನಾಥಪ್ಪ ನಸುಕಿನಲ್ಲೇ ತೀರಿಕೊಂಡಿದ್ದ. ಅಯ್ಯನವರು ಔರಂಗಾಬಾದಿನಿಂದ ಬಸ್ಸು ಹಿಡಿದು ಪಿಂಪಳವಾಡಿಗೆ ಬರುವಷ್ಟರಲ್ಲಿ ಕಾಲುಗಳು ಬಿಗಿದುಕೊಂಡಿದ್ದವು. ಬಿಸಿನೀರು ಹಾಕಿ ತಿಕ್ಕಿ, ಅಂತೂ ಇಂತೂ ಮಂಡಿ ಮಡಚಿ, ಗೋಡೆಗೆ ಆನಿಸಿ, ಗೂಟಕ್ಕೆ ಕಟ್ಟಿದ ಬಟ್ಟೆಯನ್ನು ಎದೆಗೆ ಸುತ್ತಿ ಕೂಡಿಸಿದರು. ಬದುಕಿದ್ದಾಗ ಯಾರಿಗೂ ಎದುರಾಡದ ಮನುಷ್ಯ ಈಗ ಇಷ್ಟು ಹಟ ಮಾಡಿದನಲ್ಲ ಎಂದು ಹೆಂಡತಿ ಚನ್ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಪಿಂಪಳವಾಡಿಯಲ್ಲಿ ಲಿಂಗಾಯತರ ಮನೆ ಇದೊಂದೇ. ಭಾಲ್ಕಿ ಕಡೆಯಿಂದ ಬಂದು, ಎರಡು ಖೋಲಿಯ ಈ ಮನೆ ಹಿಡಿದು, ಮುಂದಿನ ಖೋಲಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು, ವಿಶ್ವನಾಥಪ್ಪ ಇಲ್ಲೇ ಮುದುಕನಾಗಿದ್ದ. ಈಗ ಅವನನ್ನು ಕೂಡಿಸಿದ್ದೂ ಆ ಅಂಗಡಿಯಲ್ಲೇ, ಸೀರೆ ಧೋತರ ಜೋಡಿಸಿಟ್ಟ ಹಲಗೆಗಳ ಕೆಳಗೆ. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಗಿರಾಕಿಯ ದಾರಿ ಕಾಯುತ್ತ ಕೂತಂತೆಯೇ ಇತ್ತು.

ಊರಿನವರು ಬಂದರು. ಬಂದವರು ಬೀದಿಯಲ್ಲೇ ನಿಂತರು, ಕಟ್ಟೆ ಹತ್ತಲಿಲ್ಲ. ಚನ್ನಮ್ಮನಿಗೆ ಇದು ಹೊಸದಲ್ಲ. ಹತ್ತು ವರ್ಷದ ಮೇಲಾಯಿತು, ಊರಿನವರು ಈ ಅಂಗಡಿಯಲ್ಲಿ ಬಟ್ಟೆ ಕೊಳ್ಳುತ್ತಾರೆ, ಆದರೆ ಕೂತು ಒಂದು ಗುಟುಕು ಚಹಾ ಕುಡಿಯುವುದಿಲ್ಲ. ಹಬ್ಬಕ್ಕೆ ಕರೆಯುವುದಿಲ್ಲ. ಸಾವಿನ ದಿನವಾದರೂ ಒಳಗೆ ಬಂದಾರು ಎಂದುಕೊಂಡಿದ್ದಳು. ಅವರು ಬರಲಿಲ್ಲ. ಆದರೂ ಅವಳ ಕಣ್ಣು ಆ ಗುಂಪಿನಲ್ಲಿ ಒಬ್ಬನನ್ನೇ ಹುಡುಕುತ್ತಿತ್ತು.

ಮನ್ಮಥಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಔರಂಗಾಬಾದಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಸಂಸಾರವೂ ಅಲ್ಲೇ. ಮಧ್ಯಾಹ್ನಕ್ಕೆ ಟೆಂಪೋ ಬರುತ್ತದೆ, ಸಿಟಿಯ ರುದ್ರಭೂಮಿಯಲ್ಲಿ ಜಾಗ ಹೇಳಿಟ್ಟಿದ್ದೇನೆ ಎಂದ.

"ಹೋಗೂಣಂತ. ಮೊದಲ ಕೊಂಡೀಬಾ ಬರಲಿ."

"ಅವ ಯಾಕ ಬರ್ತಾನ ಅವ್ವಾ? ಅಪ್ಪ ಇದ್ದಾಗ ಇಷ್ಟು ವರ್ಷ ಹೊಸ್ತಿಲ ತುಳಿದಿಲ್ಲ."

ಹೆಣ ಸಿಟಿಗೆ ಹೋಗಬೇಕು ಎಂಬುದರಲ್ಲಿ ತಾಯಿ ಮಗ ಇಬ್ಬರದೂ ಒಂದೇ ಮಾತು. ಕಾರಣ ಮಾತ್ರ ಪೂರ್ವ ಪಶ್ಚಿಮ. ದೌಲತಾಬಾದಿನ ರಸ್ತೆಗೆ ಅಂಟಿಕೊಂಡು ವಿಶ್ವನಾಥಪ್ಪನ ಹೆಸರಲ್ಲಿ ಒಂದು ಹೊಲವಿತ್ತು. ಸ್ವಂತ ಹೊಲವಿದ್ದವರನ್ನು ಅದರಲ್ಲೇ ಮಣ್ಣು ಮಾಡುವುದು ಅವರ ಜನರಲ್ಲಿ ರೂಢಿ. ಆದರೆ ಸಮಾಧಿಯಿದ್ದ ಹೊಲವನ್ನು ಮಾರುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ. ಮಗನಿಗೆ ಅದನ್ನು ಮಾರಬೇಕಿತ್ತು. ದೌಲತಾಬಾದಿನ ಕೋಟೆಯ ಬುಡದಲ್ಲಿ ಇಡ್ಲಿ ಚಹಾದ ಹೋಟೆಲ್ಲು ಇಟ್ಟಿದ್ದ ಉಡುಪಿ ಕಡೆಯ ಕಿಟ್ಟಣ್ಣ, ಗುಹೆ ನೋಡಲು ಹೋಗುವ ಬಸ್ಸುಗಳು ನಿಲ್ಲುವಂಥ ಜಾಗ ಬೇಕೆಂದು ಕೇಳುತ್ತಲೇ ಇದ್ದ. ತಾಯಿಗೆ ಅದು ಕೊಂಡೀಬಾನಿಗೆ ಮರಳಿ ಹೋಗಬೇಕಿತ್ತು. ಗಂಡ ಆ ಒಂದು ಆಸೆ ಹೊತ್ತುಕೊಂಡೇ ಸತ್ತಿದ್ದ. ಹೆಣ ಮನೆಯಿಂದ ಏಳುವುದರೊಳಗೆ ಕೊಂಡೀಬಾನ ಬಾಯಿಂದ ಹ್ಞೂಂ ಅನ್ನಿಸಬೇಕು ಎಂದು ಅವಳು ಹಟ ತೊಟ್ಟಿದ್ದಳು.

ಸರಕಾರದ ಕಾಗದದಲ್ಲಿ ಏನೇ ಇರಲಿ, ಊರಲ್ಲಿ ಇಂದಿಗೂ ಅದಕ್ಕೆ ಕೊಂಡೀಬಾನ ಹೊಲ ಎಂದೇ ಹೆಸರು.

*

ಒಂದು ಕಾಲಕ್ಕೆ ಕೊಂಡೀಬಾ, ವಿಶ್ವನಾಥಪ್ಪ ಎರಡು ದೇಹ ಒಂದು ಜೀವ. ಸಂತೆಗಳಿಗೆ ಬಟ್ಟೆಯ ಗಂಟು ಹೋಗುತ್ತಿದ್ದುದು ಕೊಂಡೀಬಾನ ಎತ್ತಿನ ಗಾಡಿಯಲ್ಲಿ. ಅವನದು ಮರಾಠಿ, ಇವನದು ಅರ್ಧ ಕನ್ನಡ ಬೆರೆತ ಮರಾಠಿ. ಅಂಗಡಿಕಾರನೆಂದು ಕೊಂಡೀಬಾ ಇವನನ್ನು ಶೇಟ ಎನ್ನುತ್ತಿದ್ದ. ದಾರಿಯುದ್ದಕ್ಕೂ ಹರಟೆ. ಚನ್ನಮ್ಮ ಕಟ್ಟಿಕೊಟ್ಟ ಜೋಳದ ರೊಟ್ಟಿಯನ್ನು ಯಾವುದೋ ಬೇವಿನ ಗಿಡದ ನೆರಳಲ್ಲಿ ಇಬ್ಬರೂ ಮುರಿದುಕೊಂಡು ತಿನ್ನುತ್ತಿದ್ದರು.

ಕೊಂಡೀಬಾನ ಹೆಂಡತಿಯ ತಮ್ಮ ಬಾವಿಗೆ ಇಂಜಿನ್ನು ಕೂಡಿಸಲು ಸಾಲ ಎತ್ತಿದ. ಕೊಂಡೀಬಾ ಜಾಮೀನು ನಿಂತ. ಮೈದುನ ಇಂಜಿನ್ನು ಮಾರಿ ಮುಂಬಯಿ ಸೇರಿದ, ಸಾಲಕ್ಕೆ ಕೊಂಡೀಬಾನ ಹೊಲ ಲಿಲಾವಿಗೆ, ಹರಾಜಿಗೆ ಬಂತು. ಆದರೂ ಕೊಂಡೀಬಾ ಅಷ್ಟೇನೂ ಹೆದರಿರಲಿಲ್ಲ. ಏಕೆಂದರೆ ಪಿಂಪಳವಾಡಿಗೆ ಒಂದು ಪದ್ಧತಿಯಿತ್ತು. ಊರಿನವನ ಹೊಲ ಲಿಲಾವಿಗೆ ಬಂದರೆ ಊರೆಲ್ಲ ಬಂದು ಚಾವಡಿಯ ಮುಂದೆ ಕೂಡಬೇಕು, ಮತ್ತು ಒಬ್ಬರೂ ಬಾಯಿ ಬಿಡಬಾರದು. ಸಾಹೇಬ ಕೂಗಿ ಕೂಗಿ ಸುಸ್ತಾಗಿ, ಗಿರಾಕಿ ಇಲ್ಲ ಎಂದು ಬರೆದುಕೊಂಡು ಜೀಪು ಹತ್ತುತ್ತಾನೆ. ಹೊರಗಿನವರು ಯಾರಾದರೂ ಬಂದಿದ್ದರೂ, ಅಷ್ಟು ಜನ ಮೂಕರಾಗಿ ಕೂತು ತಮ್ಮನ್ನೇ ನೋಡುವುದನ್ನು ಕಂಡು ಸವಾಲು ಹೇಳದೆ ಹಿಂದಿರುಗುತ್ತಾರೆ. ಹೊಲ ಒಕ್ಕಲಿಗನ ಕೈಯಲ್ಲೇ ಉಳಿಯುತ್ತದೆ. ಇದನ್ನು ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ. ಊರಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿತ್ತು.

ವಿಶ್ವನಾಥಪ್ಪ ಊರಲ್ಲಿ ಹುಟ್ಟಿದವನಲ್ಲ. ಸಂತೆಯಿಂದ ಸಂತೆಗೆ ತಿರುಗುವವನು, ಊರಿನ ಲಿಲಾವು ಒಂದನ್ನೂ ನೋಡಿರಲಿಲ್ಲ. ಅವನ ಭಾಲ್ಕಿ ಕಡೆಯೂ ಪದ್ಧತಿಯಿತ್ತು, ಅದು ಬೇರೆ. ಅಲ್ಲಿ ಗೆಳೆಯನಾದವನು ಮುಂದೆ ಬಂದು ಸವಾಲು ಹಿಡಿಯುತ್ತಾನೆ. ಆಸ್ತಿ ಪರರ ಪಾಲಾಗದಂತೆ ತನ್ನ ಹೆಸರಲ್ಲಿ ಇಟ್ಟುಕೊಂಡು, ಕಾಲ ಕೂಡಿ ಬಂದಾಗ ಮರಳಿ ಕೊಡುತ್ತಾನೆ. ವಿಶ್ವನಾಥಪ್ಪನ ತಂದೆಯ ಮನೆ ಉಳಿದದ್ದೇ ಹಾಗೆ. ಮೊದಲೇ ಹೇಳಿದರೆ ಉಪಕಾರವನ್ನು ಡಂಗುರ ಹೊಡೆದಂತಾಗುತ್ತದೆ ಎಂದು ಅಲ್ಲೂ ಯಾರೂ ಹೇಳುವುದಿಲ್ಲ. ಹೀಗಾಗಿ ಇವನೂ ಹೇಳಲಿಲ್ಲ, ಅವನೂ ಹೇಳಲಿಲ್ಲ.

ಸಾಹೇಬ ಕೂಗಿದ. ಊರು ಕಲ್ಲಿನಂತೆ ಕೂತಿತ್ತು. ಮತ್ತೆ ಕೂಗಿದ. ವಿಶ್ವನಾಥಪ್ಪನಿಗೆ ಸಿಟ್ಟು ಬಂತು. ಇಷ್ಟು ಜನರಲ್ಲಿ ಒಬ್ಬನಿಗಾದರೂ ಕರುಳು ಬೇಡವೇ, ಕೊಂಡೀಬಾನಂಥವನ ಹೊಲ ಹೋಗುತ್ತಿದ್ದರೆ ಗಪ್ಪಗೆ ಕೂತು ನೋಡುತ್ತಾರಲ್ಲ ಎಂದು ಮೈ ಉರಿಯಿತು. ಎದ್ದು ನಿಂತ. ಕೈ ಎತ್ತಿ ಸವಾಲು ಹೇಳಿದ. ಹೇಳಿ, ಕೊಂಡೀಬಾನ ಕಡೆ ತಿರುಗಿ ನಕ್ಕ. ಗಂಡನನ್ನು ಕೊಂದದ್ದು ಆ ನಗೆಯೇ ಎಂದು ಚನ್ನಮ್ಮ ಎಷ್ಟೋ ಸಲ ಅಂದುಕೊಂಡಿದ್ದಾಳೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಸಂಜೆ ಕೊಂಡೀಬಾನ ಮನೆಗೆ ಹೋದರೆ ಬಾಗಿಲು ತೆರೆಯಲಿಲ್ಲ. ಊರಿನ ಮುಖ ತಿರುಗಿತು. ವಿಶ್ವನಾಥಪ್ಪ ಕಂಡಕಂಡವರ ಮುಂದೆ ತನ್ನ ಊರಿನ ಪದ್ಧತಿ ಹೇಳಿಕೊಂಡ. ಕೆಲವರು ನಂಬಿದರು, ಕೆಲವರು ತಲೆಯಾಡಿಸಿದರು. ಹೊಲ ತಿರುಗಿ ಕೊಟ್ಟುಬಿಟ್ಟರೆ ಎಲ್ಲ ಸರಿಹೋದೀತು ಎಂದುಕೊಂಡಿದ್ದ. ಅಷ್ಟರಲ್ಲಿ, ಪಿಂಪಳವಾಡಿಯಲ್ಲಿ ಸವಾಲು ಕೂಗುತ್ತಾರಂತೆ ಎಂಬ ಸುದ್ದಿ ಸಿಟಿಗೆ ಮುಟ್ಟಿತ್ತು. ಮರುವರ್ಷ ದಗಡೂಬಾಯಿ ಎಂಬ ವಿಧವೆಯ ಹೊಲ ಲಿಲಾವಿಗೆ ಬಂದಾಗ ಊರೆಲ್ಲ ಬಾಯಿ ಮುಚ್ಚಿ ಕೂತಿತ್ತು, ಸಿಟಿಯಿಂದ ಬಂದವರು ಎದ್ದು ನಿಂತು ಕೂಗಿ ಹಿಡಿದರು. ದಗಡೂಬಾಯಿ ಮಕ್ಕಳನ್ನು ಕಟ್ಟಿಕೊಂಡು ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಊರು ಬಿಟ್ಟಳು. ಒಮ್ಮೆ ಒಡೆದ ಮೌನಕ್ಕೆ ಮತ್ತೆ ಬೆಸುಗೆ ಕೂಡಲಿಲ್ಲ.

ಆಮೇಲೆ ಒಂದು ದಿನ, ಹೊಲ ಮರಳಿ ತಗೋ ಎಂದ ವಿಶ್ವನಾಥಪ್ಪನಿಗೆ ಕೊಂಡೀಬಾ ದಾರಿಯಲ್ಲಿ ನಿಂತು ತನ್ನ ಮರಾಠಿಯಲ್ಲಿ ಉತ್ತರ ಕೊಟ್ಟ. ಗಂಡ ಅದನ್ನು ಚನ್ನಮ್ಮನಿಗೆ ಎಷ್ಟು ಸಲ ಹೇಳಿದ್ದನೆಂದರೆ, ಅವಳಿಗೆ ಬಾಯಿಪಾಠವಾಗಿತ್ತು.

"ಶೇಟ, ನೀ ಒಳ್ಳೇದಕ್ಕೇ ಮಾಡಿದಿ, ನನಗ ಗೊತ್ತೈತಿ. ಆದರ ದಗಡೂಬಾಯಿ ಹೊಲ ಹೋಗಿ, ನನ್ನ ಹೊಲ ನನಗ ತಿರುಗಿ ಬಂದರ, ನಾವಿಬ್ಬರೂ ಕೂಡೇ ಮಾಡಿದ್ದು ಅಂತಾರ. ನಾ ಈ ಊರಾಗ ಬಾಳಬೇಕಲ್ಲ."

ಅಲ್ಲಿಗೆ ಹೊಲ ವಿಶ್ವನಾಥಪ್ಪನಿಗೆ ಬಿಸಿತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು. ಪ್ರತಿವರ್ಷ ತೆರಿಗೆ ಕಟ್ಟಿದ, ಒಂದು ಕಾಳೂ ಬಿತ್ತಲಿಲ್ಲ. ಬೇರೆಯವರ ಹೊಲದಲ್ಲಿ ನಾನು ಹೇಗೆ ಬಿತ್ತಲಿ ಎನ್ನುತ್ತಿದ್ದ. ಹೊಲದ ತುಂಬ ಕರಿಕೆ ಹುಲ್ಲು, ಮುಳ್ಳು ಬೆಳೆದವು. ಆ ದಾರಿಯಲ್ಲೇ ಕೊಂಡೀಬಾ ದಿನವೂ ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ.

*

ಹೊತ್ತೇರಿದಾಗ ಕಿಟ್ಟಣ್ಣ ಚಹಾದ ಡಬ್ಬಿ, ಒಂದು ಚೆಂಡುಹೂವಿನ ಹಾರ ಹಿಡಿದು ಬಂದ. ಹಾರ ಹಾಕಿ ಕೈಮುಗಿದು, ಚನ್ನಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, ಜಾಗದ ಮಾತು ಇವತ್ತು ಬೇಡ ಅಮ್ಮ, ಸ್ವಲ್ಪ ಚಾ ಕುಡಿಯಿರಿ ಎಂದ. ಒಳ್ಳೆಯ ಮನುಷ್ಯ. ಆದರೆ ಬೇಡ ಎನ್ನುತ್ತಲೇ ಜಾಗದ ಮಾತನ್ನು ಅವನೇ ಎತ್ತಿದ್ದರಿಂದ ಅವಳಿಗೆ ಚಹಾ ಇಳಿಯಲಿಲ್ಲ.

ಟೆಂಪೋ ಬಂದು ಬೀದಿಯ ಕೊನೆಯಲ್ಲಿ ನಿಂತಿತು. ಮನ್ಮಥಪ್ಪ ಎರಡು ಸಲ ತಾಯಿಯ ಮುಖ ನೋಡಿದ. ಮೂರನೆಯ ಸಲ ನೋಡುವಷ್ಟರಲ್ಲಿ ಬೀದಿಯ ಜನ ಸರಿದು ದಾರಿ ಬಿಟ್ಟರು. ಕೊಂಡೀಬಾ ಬಂದ.

ಬೆನ್ನು ಬಾಗಿತ್ತು. ತಲೆಯ ಪಟಗದ ಬಣ್ಣ ಹೋಗಿತ್ತು. ಅವನೊಬ್ಬನೇ ಕಟ್ಟೆ ಹತ್ತಿ ಒಳಗೆ ಬಂದು, ಗೆಳೆಯನ ಎದುರು ನಿಂತ. ಸತ್ತವನು ಕೂತಿದ್ದ, ಬದುಕಿದವನು ನಿಂತಿದ್ದ.

ಬೆಳಗಿನಿಂದ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ಚನ್ನಮ್ಮನಿಗೆ ಮರೆತುಹೋದವು. ಎದ್ದು ನಿಂತಳು.

"ಭಾವೂಜಿ, ಇವರನ್ನ ಸಿಟಿಗೆ ಒಯ್ಲಾಕತ್ತೀವಿ. ಹೊಲ ಖಾಲಿ ಅದ. ಇವರ ಮುಖ ನೋಡಿ ಒಂದ್ ಮಾತು ಅನ್ರಿ, ತಗೋತೀನಂತ. ಅಷ್ಟಾದರ ಇವರು ಸಮಾಧಾನದಿಂದ ಹೋಗ್ತಾರ."

"ಅವ್ವಾ" ಎಂದು ಮನ್ಮಥಪ್ಪ ತಗ್ಗಿದ ದನಿಯಲ್ಲಿ ಗದರಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಂಡೀಬಾನ ತುಟಿಯನ್ನೇ ನೋಡುತ್ತಿದ್ದಳು. ಬೀದಿಯವರೂ ಅದನ್ನೇ ನೋಡುತ್ತಿದ್ದರು.

ಕೊಂಡೀಬಾ ಪಟಗದ ತುದಿಯಿಂದ ಕಣ್ಣು ಒರೆಸಿಕೊಂಡ. ಆಮೇಲೆ ಬೀದಿಯ ಕಡೆ ಮುಖ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ಸಿಟಿಗೆ ಯಾಕ ಒಯ್ತೀರಿ ವಹಿನಿ? ಶೇಟನ ಹೊಲ ಐತಲ್ಲ. ಶೇಟನ್ನ ಅಲ್ಲೇ ಇಡ್ರಿ."

ಶೇಟನ ಹೊಲ. ಇಷ್ಟು ವರ್ಷಗಳಲ್ಲಿ ಪಿಂಪಳವಾಡಿಯ ಒಂದು ಬಾಯಿಯೂ ಹಾಗೆ ಅಂದಿರಲಿಲ್ಲ. ತೆಗೆದುಕೋ ಎಂದು ಅವಳು ಕೇಳಿದ್ದಳು, ಅವನು ಕೊಟ್ಟುಬಿಟ್ಟಿದ್ದ. ಗೆಳೆಯ ಪರದೇಶಿಯಾಗಿ ಹೋಗುವುದು ಬೇಡ, ಊರ ಮಣ್ಣಲ್ಲೇ ಇರಲಿ ಎಂದು ಅಂದನೋ, ಇನ್ನು ಯಾರೂ ಈ ಮಾತು ಎತ್ತದಂತೆ ಬಾಯಿ ಮುಚ್ಚಿಸಲು ಅಂದನೋ, ಅವಳಿಗೆ ತಿಳಿಯಲಿಲ್ಲ. ಗಂಡ ಮರಳಿಸಬೇಕೆಂದು ಹಂಬಲಿಸಿದ ಹೊಲ ಇನ್ನು ಎಂದೆಂದಿಗೂ ಗಂಡನದೇ ಎಂಬುದಷ್ಟು ತಿಳಿಯಿತು. ಬೆಳಗಿನಿಂದ ಬಾರದ ಅಳು ಆಗ ಬಂತು. ಕೂತು ಅತ್ತಳು.

ಸ್ವಂತ ಭೂಮಿ ಇದ್ದವರಿಗೆ ಬೇರೆ ಜಾಗ ಯಾಕೆ ಎಂದು ಅಯ್ಯನವರು ಒಪ್ಪಿದರು. ಮಾರಬೇಕಾಗಿದೆ ಎಂದು ತಂದೆಯ ಹೆಣದ ಮುಂದೆ ಯಾವ ಮಗ ಹೇಳಿಯಾನು? ಮನ್ಮಥಪ್ಪ ಟೆಂಪೋದವನನ್ನು ಕಳಿಸಲು ಹೋದ. ಕಿಟ್ಟಣ್ಣ ಖಾಲಿ ಡಬ್ಬಿ ಎತ್ತಿಕೊಳ್ಳುತ್ತ, ಇರಲಿ ಮಾರಾಯ್ರೆ, ನಾನು ಬೇರೆ ಕಡೆ ನೋಡ್ತೇನೆ ಎಂದ.

*

ಸುಡುವುದನ್ನಷ್ಟೇ ಬಲ್ಲ ಊರಿನವರಿಗೆ ಕುಣಿ ತೋಡುವ ಕ್ರಮ ಗೊತ್ತಿರಲಿಲ್ಲ. ಎಷ್ಟು ಆಳ, ಕೂಡಿಸುವ ಗೂಡು ಯಾವ ಕಡೆ ಎಂದು ಅಯ್ಯನವರು ಹೇಳುತ್ತ ಹೋದರು. ಹುಡುಗರು ಹೊಲದ ನಡುವೆ ಗುದ್ದಲಿ ಹಾಕಿದಾಗ, ಅಲ್ಲಿ ಕಲ್ಲು ಹತ್ತುತ್ತದೆ, ಬೇವಿನ ಗಿಡದ ಕಡೆ ಹೋಗಿರಿ, ಅಲ್ಲಿ ಮಣ್ಣು ಮೆತ್ತಗಿದೆ ಎಂದು ಕೊಂಡೀಬಾ ಬದುವಿನ ಮೇಲಿಂದ ಕೂಗಿ ಹೇಳಿದ. ತಾನು ಮಾತ್ರ ಒಳಗೆ ಇಳಿಯಲಿಲ್ಲ.

ಸಂಜೆಗೆ ವಿಶ್ವನಾಥಪ್ಪ ವಿಮಾನವೆಂಬ ಬಿದಿರಿನ ಮಂಟಪದಲ್ಲಿ ಕೂತು ಬಂದ. ಕೂತು ಹೋಗುವ ಹೆಣವನ್ನು ಪಿಂಪಳವಾಡಿಯವರು ನೋಡಿದ್ದು ಅದೇ ಮೊದಲು. ಬೆಳಿಗ್ಗೆ ಬೀದಿಯಲ್ಲಿ ನಿಂತವರು ಈಗ ಹೆಗಲು ಕೊಟ್ಟಿದ್ದರು. ಬದುಕಿದ್ದಾಗ ಇವರಲ್ಲಿ ಒಬ್ಬ ಬಂದು ಕಟ್ಟೆಯ ಮೇಲೆ ಕೂತಿದ್ದರೆ ಸಾಕಿತ್ತು ಎಂದು ಚನ್ನಮ್ಮನಿಗೆ ಸಿಟ್ಟೂ ಬಂತು, ದುಃಖವೂ ಬಂತು.

ಗೂಡಿನಲ್ಲಿ ಕೂಡಿಸಿ, ವಿಭೂತಿ, ಉಪ್ಪು, ಬಿಲ್ವಪತ್ರೆ ತುಂಬಿದರು. ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಎಲ್ಲರದೂ ಆದಮೇಲೆ ಕೊಂಡೀಬಾ ಬದುವಿನಿಂದ ಇಳಿದು ಬಂದು ತನ್ನ ಹಿಡಿ ಹಾಕಿದ. ಸಲಿಕೆಗಳು ಉಳಿದ ಮಣ್ಣು ಎಳೆದವು. ಕುಣಿ ಮುಚ್ಚಿತು.

ಜನ ಸ್ನಾನಕ್ಕೆಂದು ಬಾವಿಯ ಕಡೆ ನಡೆದರು. ಮನ್ಮಥಪ್ಪ ತಾಯಿಯ ಕೈ ಹಿಡಿದು ರಸ್ತೆಗೆ ಕರೆದುಕೊಂಡು ಬಂದ. ಅವಳು ಒಮ್ಮೆ ತಿರುಗಿ ನೋಡಿದಳು.

ಕೊಂಡೀಬಾ ಒಬ್ಬನೇ ಗುಡ್ಡೆಯ ಪಕ್ಕ ಕುಕ್ಕರಿಸಿದ್ದ. ಅವನ ಕೈ ತನ್ನಷ್ಟಕ್ಕೆ ತಾನೇ ಕಾಲ ಬಳಿಯ ಕರಿಕೆಯ ಬುಡ ಹಿಡಿದು ಕಿತ್ತಿತು, ಬೇರಿನ ಮಣ್ಣು ಕೊಡವಿತು, ಬದುವಿನ ಆಚೆ ಎಸೆಯಲು ಮೇಲೆದ್ದಿತು. ಅಲ್ಲೇ ನಿಂತಿತು. ಅವನು ಕೈಯಲ್ಲಿದ್ದ ಹುಲ್ಲನ್ನು ನೋಡಿದ. ಆಮೇಲೆ ಅದನ್ನು ಕಿತ್ತ ಜಾಗದಲ್ಲೇ ಇಟ್ಟು, ಬೇರಿಗೆ ಮಣ್ಣು ಎಳೆದು, ಅಂಗೈಯಿಂದ ಒತ್ತಿದ.